ಪದಬಂಧದ ಖಾಲಿ ಚೌಕಕ್ಕೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ದಿನಪತ್ರಿಕೆಯ ಪದಬಂಧವನ್ನು ಮುಕ್ಕಾಲು ಪಾಲು ತುಂಬಿಸಿ, ಉಳಿದ ಮೂರ್ನಾಲ್ಕು ಸುಳಿವುಗಳ ಮುಂದೆ ಪೆನ್ಸಿಲ್ ಹಿಡಿದು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನವರು ಅಲ್ಲಿಗೇ ಬಿಟ್ಟು, ನಾಳೆ ಉತ್ತರ ಬಂದಾಗ ನೋಡಿದರಾಯಿತು ಎಂದುಕೊಳ್ಳುತ್ತಾರೆ. ಬಿಡಬೇಡಿ. ನಮ್ಮ ಕಲಬುರಗಿಯಲ್ಲಿ ಆ ಮೂರ್ನಾಲ್ಕು ಪದ ಬಲ್ಲವರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಮನೆಯೊಳಗೆ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಆಳಂದ ಅಫಜಲಪುರದ ಕಡೆಯಿಂದ ಬಂದವರ ಬಾಯಲ್ಲಿ ಮರಾಠಿ, ಸೇಡಂ ಕಡೆಯವರಲ್ಲಿ ತೆಲುಗು. ಇಷ್ಟು ಭಾಷೆ ಕೂಡಿ ಬಾಳುವ ಊರಲ್ಲಿ ಪದಕ್ಕೆ ಬರವಿಲ್ಲ. ಯಾವ ಪದಕ್ಕೆ ಯಾರ ಬಾಗಿಲು ತಟ್ಟಬೇಕು, ತಟ್ಟುವ ಮೊದಲು ನಾವು ಎಷ್ಟು ಕೆಲಸ ಮುಗಿಸಿರಬೇಕು, ಇವೆರಡನ್ನು ಕಲಿತರೆ ಸಾಕು.

ನಾನು ಬ್ರಹ್ಮಪುರದಲ್ಲಿ ಬೆಳೆದವಳು. ಪದಬಂಧ ಕಲಿಸಿದವರು ಅಪ್ಪ. ಚಹಾದ ಕಪ್ಪಿನ ಪಕ್ಕ ಪೇಪರನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು, ‘ಮೊದ್ಲು ಚೌಕ ಎಣಸು, ಆಮ್ಯಾಲೆ ತಲಿ ಓಡಿಸು’ ಅನ್ನುತ್ತಿದ್ದರು. ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ.

ಮೊದಲು ಎಣಿಕೆ ಸರಿಯಿರಲಿ

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಇಂಥ ಮೊದಲ ಪದಬಂಧ ಅಚ್ಚು ಹಾಕಿಸಿದಾಗ ಒಂದು ಚೌಕಕ್ಕೆ ಒಂದು ಇಂಗ್ಲಿಷ್ ಅಕ್ಷರ ಇತ್ತು. ಕನ್ನಡದಲ್ಲಿ ಚೌಕಕ್ಕೆ ಕೂರುವುದು ಇಡೀ ಅಕ್ಷರ, ಕಾಗುಣಿತ ಒತ್ತು ಸೊನ್ನೆಗಳ ಸಮೇತ. ‘ಸ್ತ್ರೀ’ ಒಂದೇ ಚೌಕ. ‘ಮೇಷ್ಟ್ರು’ ಎರಡು. ‘ಅರ್ಕ’ದಲ್ಲಿ ಅ ಒಂದು, ರ್ಕ ಇನ್ನೊಂದು. ‘ದುಃಖ’ ಎರಡು, ‘ಸಂಗಮ’ ಮೂರು. ಇಂಗ್ಲಿಷಿನಲ್ಲಿ ಹತ್ತು ಅಕ್ಷರ ಬೇಡುವ ನಮ್ಮೂರಿನ ಹೆಸರು ಕನ್ನಡದಲ್ಲಿ ಐದೇ ಚೌಕದಲ್ಲಿ ಮುಗಿಯುತ್ತದೆ.

ಇದರಿಂದ ಒಂದು ಕಷ್ಟ, ಒಂದು ಲಾಭ. ಪದಗಳು ಗಿಡ್ಡವಾದ್ದರಿಂದ ಅಡ್ಡಸಾಲು ಉದ್ದಸಾಲು ಕೂಡುವ ಜಾಗ ಕಡಿಮೆ. ಆದರೆ ಕೂಡಿದ ಒಂದೇ ಚೌಕವೂ ಬಹಳಷ್ಟು ಹೇಳುತ್ತದೆ. ‘ಫ್ತ’ ಎಂದು ಒಂದು ಚೌಕದಲ್ಲಿ ಬಿದ್ದರೆ ಅದನ್ನು ಒಳಗೊಂಡ ಪದಗಳು ಬೆರಳೆಣಿಕೆಯಷ್ಟೇ. ಹಾಗಾಗಿ ಯಾರನ್ನಾದರೂ ಕೇಳುವ ಮೊದಲು ಆ ಪದದ ಮೇಲೆ ಹಾದುಹೋಗುವ ಸಾಲುಗಳನ್ನು ಮುಗಿಸಿಕೊಳ್ಳಿ. ಬರಿಗೈಯಲ್ಲಿ ಹೋದರೆ ಕೇಳಿಸಿಕೊಂಡವರಿಗೂ ಹಿಡಿಯಲು ಏನೂ ಸಿಗುವುದಿಲ್ಲ.

ಹೊಸಬರು ಎರಡು ಚೌಕದ ಪದಗಳಿಂದ ಶುರುಮಾಡುತ್ತಾರೆ, ಸಣ್ಣದು ಸುಲಭ ಎಂದುಕೊಂಡು. ನನ್ನ ಅನುಭವ ಬೇರೆ. ‘ಆನೆ (2)’ ಎಂದರೆ ಗಜ, ಕರಿ, ಇಭ, ದಂತಿ, ಹಸ್ತಿ, ನಾಗ ಎಲ್ಲವೂ ಸರಿ. ನಾಲ್ಕೈದು ಚೌಕದ ಪದಕ್ಕೆ ಇಷ್ಟು ಪೈಪೋಟಿ ಇರುವುದಿಲ್ಲ. ಅಲ್ಲಿಂದ ಶುರುಮಾಡಿ, ಎರಡು ಚೌಕದವುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಅವು ಅರ್ಧ ತುಂಬಿರುತ್ತವೆ.

ಸುಳಿವಿನ ಬಾಲ ನೋಡಿ

ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ, ಕಡೆಯ ಎರಡು ಚೌಕ ‘ಗಳು’ ಆಗಿರುವ ಸಂಭವ ಹೆಚ್ಚು. ‘ಬಾಗು’ ಎಂದು ಕೊಟ್ಟರೆ ಉತ್ತರ ‘ಮಣಿ’ಯಂಥ ಕ್ರಿಯಾಪದ. ‘ಈಕೆ’ ಎಂದಿದ್ದರೆ ಹೆಣ್ಣಿನ ಹೆಸರು. ಇವೆಲ್ಲ ಸಣ್ಣ ಮಾತುಗಳು, ಆದರೂ ಹೇಳುತ್ತಿದ್ದೇನೆ. ಏಕೆಂದರೆ ನಾವು ಸುಳಿವಿನ ಮೊದಲ ಪದ ಓದಿ ಓಡುತ್ತೇವೆ.

‘ತಿರುಗಿದರೆ’, ‘ಹಿಂದುಮುಂದಾದ’, ‘ತಲೆಕೆಳಗಾದ’, ‘ಚೆಲ್ಲಾಪಿಲ್ಲಿಯಾದ’, ‘ತಲೆ ಹೋದರೆ’ ಎಂಬ ಮಾತು ಕಂಡಲ್ಲಿ ಅರ್ಥವನ್ನು ಬದಿಗಿಟ್ಟು ಅಕ್ಷರಗಳ ಜೊತೆ ಆಡಬೇಕು. ‘ನದಿ ತಿರುಗಿದರೆ ಹಗಲು (2)’ ಎಂದರೆ ದಿನ. ‘ಗಾಳಿಯ ತಲೆ ಹೋದರೆ ಕಾಡು (2)’ ಎಂದರೆ ಪವನದಲ್ಲಿ ಪ ತೆಗೆದು ವನ. ಅದನ್ನೇ ಮತ್ತೆ ತಿರುಗಿಸಿದರೆ ನವ. ಕನ್ನಡದಲ್ಲಿ ಹಿಂದುಮುಂದಾಗುವುದು ಅಕ್ಷರ ಅಕ್ಷರವಾಗಿ, ಕಾಗುಣಿತ ತನ್ನ ಅಕ್ಷರವನ್ನು ಬಿಟ್ಟು ಹೋಗುವುದಿಲ್ಲ. ಆದ್ದರಿಂದಲೇ ವಿಕಟಕವಿ, ನವಜೀವನ, ಗದಗ ಎರಡೂ ಕಡೆಯಿಂದ ಒಂದೇ.

ಇನ್ನೊಂದು ತಯಾರಿ ನಿಮ್ಮ ಜೇಬಿನಲ್ಲಿರಬೇಕು. ಅದು ನೀರಿನ ಪದಗಳು. ಜಲ, ವಾರಿ, ನೀರ, ಅಂಬು, ತೋಯ, ಐದಕ್ಕೂ ನೀರೆಂದೇ ಅರ್ಥ. ಇವುಗಳ ಮುಂದೆ ‘ಜ’ ಸೇರಿದರೆ ನೀರಲ್ಲಿ ಹುಟ್ಟಿದ್ದು, ತಾವರೆ: ಜಲಜ, ವಾರಿಜ, ನೀರಜ, ಅಂಬುಜ, ತೋಯಜ. ‘ದ’ ಸೇರಿದರೆ ನೀರು ಕೊಡುವುದು, ಮೋಡ: ಜಲದ, ವಾರಿದ, ನೀರದ, ಅಂಬುದ, ತೋಯದ. ‘ಧಿ’ ಸೇರಿದರೆ ನೀರನ್ನು ಹಿಡಿದಿಟ್ಟದ್ದು, ಕಡಲು: ಜಲಧಿ, ವಾರಿಧಿ, ನೀರಧಿ, ಅಂಬುಧಿ, ತೋಯಧಿ. ಐದು ಪದ, ಮೂರು ಬಾಲ, ಹದಿನೈದು ಉತ್ತರ. ಎಲ್ಲವೂ ಮೂರೇ ಚೌಕ. ಪದಬಂಧ ಕಟ್ಟುವವರಿಗೆ ಇವು ಎಷ್ಟು ಅನುಕೂಲವೆಂದರೆ, ವಾರದಲ್ಲಿ ಒಂದೆರಡು ಸಲವಾದರೂ ಎದುರಾಗುತ್ತವೆ. ಪೂರ್ತಿ ಉತ್ತರ ಗೊತ್ತಿಲ್ಲದಾಗಲೂ ಕಡೆಯ ಚೌಕವನ್ನು ಧೈರ್ಯವಾಗಿ ತುಂಬಬಹುದು.

ಒಂದು ಸಣ್ಣ ಬಂಧ ಬಿಡಿಸೋಣ

ಇಷ್ಟನ್ನು ಇಟ್ಟುಕೊಂಡು ನಾನೇ ಕಟ್ಟಿದ ನಾಲ್ಕು ಪದಗಳ ಬಂಧ ನೋಡಿ. ಕಾಗದದ ಮೇಲೆ ಚೌಕ ಎಳೆದುಕೊಂಡು ಜೊತೆಗೆ ಬನ್ನಿ. ಮೇಲಿನ ಅಡ್ಡಸಾಲು: ಮೋಡ (3). ಅದರ ಮೊದಲ ಚೌಕದಿಂದ ಕೆಳಕ್ಕೆ: ಆಸ್ತಿಯ ಉತ್ತರಾಧಿಕಾರಿ (5). ಕಡೆಯ ಚೌಕದಿಂದ ಕೆಳಕ್ಕೆ: ಕಚೇರಿ (3). ಮೂರನೆಯ ಅಡ್ಡಸಾಲು, ಆ ಎರಡು ಕಂಬಗಳನ್ನು ಕೂಡಿಸುವುದು: ಸುಲಭವಾದ (3).

ಮೋಡಕ್ಕೆ ಐದು ಉತ್ತರಗಳಿವೆ, ಯಾವುದೆಂದು ತಿಳಿಯದು. ಆದರೆ ಐದರ ಕಡೆಗೂ ‘ದ’ ಇದೆ. ಅಷ್ಟನ್ನು ಬರೆಯಿರಿ. ಈಗ ಕಚೇರಿಗೆ ಆಫೀಸು ಎಂದು ಹಾಕಲಾಗದು, ದ-ದಿಂದ ಶುರುವಾಗಬೇಕು. ನಮ್ಮ ಕಡೆಯವರಿಗೆ ತಡವಾಗುವುದಿಲ್ಲ: ದಫ್ತರ. ಹಾಗಾದರೆ ‘ಸುಲಭವಾದ’ ಎಂಬುದರ ಕಡೆಯ ಚೌಕ ರ. ಸರಳ ಆಗದು. ಇಲ್ಲಿ ನಾನು ನಿಂತೆನೆಂದು ಇಟ್ಟುಕೊಳ್ಳಿ. ಶಾಲೆಗೆ ಹೋಗುವ ಮಗುವನ್ನು ಕೇಳುತ್ತೇನೆ, ‘ದುಷ್ಕರದ ವಿರುದ್ಧ ಪದ ಏನು?’ ವ್ಯಾಕರಣ ಬಾಯಿಪಾಠ ಮಾಡಿದ ಮಗು ಸುಕರ ಎನ್ನುತ್ತದೆ. ಮೊದಲ ಕಂಬದ ಮೂರನೆಯ ಚೌಕಕ್ಕೆ ಸು ಸಿಕ್ಕಿತು. ಇನ್ನು ಉತ್ತರಾಧಿಕಾರಿ: ಐದು ಚೌಕ, ಮೂರನೆಯದು ಸು, ಮೊದಲನೆಯದು ಜ, ವಾ, ನೀ, ಅಂ, ತೋ ಇವುಗಳಲ್ಲಿ ಒಂದು.

ಇದನ್ನು ನಾನು ನಮ್ಮ ಓಣಿಯ ಚಾಚಾರ ಬಳಿ ಒಯ್ಯುತ್ತೇನೆ. ಕೋರ್ಟಿನ ಮುಂದೆ ಜೀವಮಾನವಿಡೀ ಅರ್ಜಿ ಬರೆದುಕೊಟ್ಟವರು ಅವರು. ಪ್ರಶ್ನೆ ಮುಗಿಯುವ ಮೊದಲೇ ಹೇಳುತ್ತಾರೆ, ‘ವಾರಸುದಾರ ಆಗ್ತದ ನೋಡು ಬೇಟಿ.’ ಒಂದೇ ಪದದಿಂದ ಕಂಬ ತುಂಬಿತು, ಮೇಲಿನ ಮೋಡವೂ ವಾರಿದ ಎಂದು ನಿಶ್ಚಯವಾಯಿತು.

ನಾಲ್ಕು ಪದಗಳಲ್ಲಿ ಹೊರಗಿನ ನೆರವು ಬೇಕಾದದ್ದು ಎರಡಕ್ಕೆ. ಆ ಎರಡನ್ನೂ ಒಬ್ಬರನ್ನೇ ಕೇಳಲಿಲ್ಲ, ಎರಡು ಬೇರೆ ಬಾಗಿಲು ತಟ್ಟಿದೆವು.

ಯಾರ ಹತ್ತಿರ ಯಾವ ಪದ

ಕೋರ್ಟು, ಕಂದಾಯ, ಜಮೀನಿನ ಸುಳಿವುಗಳಿಗೆ ಉರ್ದು ಬಲ್ಲ ಹಿರಿಯರಿಗಿಂತ ಒಳ್ಳೆಯ ನಿಘಂಟಿಲ್ಲ. ದಸ್ತಾವೇಜು, ಜಪ್ತಿ, ತಕರಾರು, ವಕಾಲತ್ತು, ಗುಮಾಸ್ತ, ಹುಕುಂ, ರಸೀದಿ ಎಲ್ಲವೂ ಪಾರಸಿ ಅರಬ್ಬಿ ಮೂಲದಿಂದ ಕನ್ನಡಕ್ಕೆ ಬಂದು ರಾಜ್ಯದ ಎಲ್ಲ ಪೇಪರುಗಳ ಪದಬಂಧದಲ್ಲೂ ನೆಲೆಯಾದವು. ಬೇರೆ ಕಡೆಯವರು ನಿಘಂಟು ತಿರುವಿ ಹುಡುಕುವ ಈ ಪದಗಳು ನಮಗೆ ಸಂತೆಯಲ್ಲೂ ಕಿವಿಗೆ ಬೀಳುತ್ತವೆ. ಇದು ಕಲಬುರಗಿ, ಬೀದರ್, ಯಾದಗಿರಿಯವರಿಗೆ ಸಿಕ್ಕ ದೊಡ್ಡ ಅನುಕೂಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮಳೆಯ ಹೆಸರು, ಬೆಳೆ, ಗಿಡ, ದನಕರು, ಒಕ್ಕಲುತನದ ಸಾಮಾನು ಬಂದರೆ ಹೊಲ ಮಾಡಿದವರನ್ನು ಕೇಳಿ. ರೋಹಿಣಿಯಿಂದ ಸ್ವಾತಿಯವರೆಗೆ ಮಳೆ ನಕ್ಷತ್ರಗಳನ್ನು ಅವರು ಒಂದೇ ಉಸಿರಿಗೆ ಹೇಳುತ್ತಾರೆ. ಪುರಾಣದ ಹೆಸರುಗಳಿಗೆ ಭಾರತ ರಾಮಾಯಣ ಕೇಳುತ್ತ ಬೆಳೆದ ಅಜ್ಜಿಯರಿದ್ದಾರೆ. ಅರ್ಜುನನ ಹತ್ತು ಹೆಸರು ಮಾತ್ರ ನೀವೇ ಬಾಯಿಪಾಠ ಮಾಡಿಬಿಡಿ, ಪದೇಪದೇ ಬೇಕಾಗುತ್ತವೆ: ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ಸಿನಿಮಾ, ಕ್ರಿಕೆಟ್‌ಗೆ ಮನೆಯ ಹುಡುಗರು.

ಊರವರು ಹೇಳಿದ ಪದವನ್ನು ಹಾಗೇ ಬರೆಯಬೇಡಿ. ಇಲ್ಲೇ ನಾವು ಹೆಚ್ಚು ಎಡವುವುದು. ಅವ್ವನಿಗೆ ‘ತೊಗರಿಯನ್ನು ಒಡೆದರೆ ಬರುವುದು (2)’ ಎಂದು ಕೇಳಿದರೆ ಸಿಗುವ ಉತ್ತರ ‘ಬ್ಯಾಳಿ’. ಚೌಕದಲ್ಲಿ ಬರೆಯಬೇಕಾದದ್ದು ಬೇಳೆ. ನಮ್ಮ ಮಾತಿನ ಮನಿ, ತಲಿ, ಕೆರಿ, ಗಡಿಗಿ, ಸಜ್ಜಿ ಪೇಪರಿನಲ್ಲಿ ಮನೆ, ತಲೆ, ಕೆರೆ, ಗಡಿಗೆ, ಸಜ್ಜೆ. ಕಡೆಯ ಇ-ಕಾರವನ್ನು ಎ-ಕಾರ ಮಾಡಿ ನೋಡುವುದು ಮೊದಲ ಪರೀಕ್ಷೆ. ಅವ್ವನ ‘ಮಿರಗ’ ಪೇಪರಿನಲ್ಲಿ ಮೃಗಶಿರ. ಉಳ್ಳಾಗಡ್ಡಿಗೆ ನಾಲ್ಕು ಚೌಕ ಬೇಕು, ಮೂರೇ ಇದ್ದರೆ ಈರುಳ್ಳಿ. ನದಿಗಳದ್ದೂ ಇದೇ ಕಥೆ. ನಾವು ಭೀಮಾ, ಕೃಷ್ಣಾ ಎನ್ನುತ್ತೇವೆ. ದಕ್ಷಿಣದ ಕಡೆ ಭೀಮೆ, ಕೃಷ್ಣೆ ಎಂದೂ ಬರೆಯುತ್ತಾರೆ. ಕಡೆಯ ಚೌಕದಲ್ಲಿ ಅಡ್ಡಸಾಲಿಗೆ ಹೊಂದದಿದ್ದರೆ ಪದವನ್ನು ಅಳಿಸುವ ಮೊದಲು ಆ-ಕಾರದ ಜಾಗದಲ್ಲಿ ಎ-ಕಾರ ಇಟ್ಟು ನೋಡಿ.

ನಮ್ಮ ನೆಲದ ಸುಳಿವು ಬಂದಾಗಲಂತೂ ಎರಡು ಪಟ್ಟು ಎಚ್ಚರ ಬೇಕು. ‘ರಾಷ್ಟ್ರಕೂಟರ ರಾಜಧಾನಿ (4)’ ಎಂದರೆ ಸೇಡಂ ತಾಲ್ಲೂಕಿನವರ ಕೈ ತಾನಾಗಿ ಮಳಖೇಡ ಎಂದು ಬರೆಯುತ್ತದೆ. ಮಾನ್ಯಖೇಟವೂ ನಾಲ್ಕೇ ಚೌಕ. ಎರಡರಲ್ಲೂ ಮೂರನೆಯದು ಖೇ. ಹಾಗಾಗಿ ಆ ಖೇ ಹೊಂದಿತೆಂದು ನೆಮ್ಮದಿಯಾಗಬೇಡಿ. ಮೊದಲ ಚೌಕವೋ ಕಡೆಯ ಚೌಕವೋ ಬೇರೆ ಸಾಲಿನಿಂದ ಖಚಿತವಾಗುವವರೆಗೆ ಖೇ ಒಂದನ್ನೇ ಬರೆದಿಟ್ಟುಕೊಳ್ಳಿ. ನಾನು ಒಮ್ಮೆ ಊರಿನ ಮೇಲಿನ ಅಭಿಮಾನದಿಂದ ಮಳಖೇಡ ಬರೆದು, ಆ ಮೂಲೆಯ ನಾಲ್ಕು ಪದ ಕೆಡಿಸಿಕೊಂಡಿದ್ದೆ. ನೃಪತುಂಗ, ಮಿತಾಕ್ಷರ, ಸನ್ನತಿ, ಬಿದ್ರಿ, ಇವು ನಮ್ಮ ಭಾಗದಿಂದ ಪದಬಂಧಕ್ಕೆ ಹೋಗಬಲ್ಲ ಇನ್ನಷ್ಟು ಪದಗಳು. ಮನೆಯ ಮಕ್ಕಳಿಗೆ ಇವನ್ನು ಹೇಳಿಕೊಡಿ. ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಹೆಸರು ನಮ್ಮ ಶಹಾಬಾದ್ ಹತ್ತಿರದ ಮರತೂರಿನ ಜೊತೆ ಸೇರಿಕೊಂಡಿದೆ ಎಂಬುದು ನನಗೆ ತಿಳಿದದ್ದೇ ಒಂದು ಪದಬಂಧದಿಂದ.

ಕೇಳುವ ರೀತಿ

‘ಇದರ ಉತ್ತರ ಹೇಳ್ರಿ’ ಎಂದು ಪೇಪರ್ ಮುಂದೆ ಹಿಡಿಯಬೇಡಿ. ಹಿಡಿದರೆ ಅವರು ನಿಮ್ಮ ಉಳಿದ ಚೌಕಗಳನ್ನೂ ತುಂಬಿಬಿಡುತ್ತಾರೆ, ಇಲ್ಲವೇ ಕನ್ನಡಕ ಇಲ್ಲವೆಂದು ತಿರುಗಿಸಿ ಕೊಡುತ್ತಾರೆ. ಬಾಯಲ್ಲಿ ಕೇಳಿ, ಈ ಕ್ರಮದಲ್ಲಿ: ಮೊದಲು ಅರ್ಥ, ಆಮೇಲೆ ಎಷ್ಟು ಅಕ್ಷರ, ಕಡೆಗೆ ಸಿಕ್ಕಿರುವ ಅಕ್ಷರ ಎಷ್ಟನೆಯದು ಎಂಬುದು. ‘ಕಾಕಾ, ಬಿತ್ತಲಿಕ್ಕೆ ಬೇಕಾಗೋದು, ಮೂರಕ್ಷರ, ನಡುವ ರಿ ಅದ’ ಎಂದರೆ ಕೂರಿಗೆ ಹಿಡಿದವರು ಯೋಚಿಸುವುದೇ ಇಲ್ಲ. ಹೇಳುವಾಗ ಕೂರಿಗಿ ಎಂದಾರು, ಬರೆಯುವಾಗ ಕಡೆಯ ಗಿ-ಯನ್ನು ಗೆ ಮಾಡಿಕೊಳ್ಳುವುದು ನಿಮ್ಮ ಕೆಲಸ.

ಒಂದೇ ಪದ ಕೇಳುವುದಕ್ಕಿಂತ ‘ಇದಕ್ಕ ಏನೇನ್ ಅಂತಾರ್ರೀ?’ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಮೂರು ಪದ ಬರುತ್ತವೆ. ಒಂದು ಇವತ್ತಿಗೆ, ಉಳಿದೆರಡು ಇನ್ನೊಂದು ದಿನಕ್ಕೆ. ಅವರು ಹೇಳಿದ್ದು ಚೌಕಕ್ಕೆ ಹೊಂದದಿದ್ದರೂ ‘ಇದಲ್ಲ’ ಎಂದು ಮುಖಕ್ಕೆ ಹೇಳದೆ ಬರೆದುಕೊಳ್ಳಿ. ಹಿರಿಯರ ಬಾಯಿಂದ ಬಂದ ಹಳೆಯ ಪದ ಎಂದೂ ವ್ಯರ್ಥವಲ್ಲ. ಸಾಯಂಕಾಲ ಹೋಗಿ ‘ನೀವ್ ಹೇಳಿದ್ದೇ ಬಂತ್ರೀ’ ಎಂದು ತಿಳಿಸಿ. ಚಾಚಾ ಈಗ ಮುಂಜಾನೆ ತಾವೇ ಕೇಳುತ್ತಾರೆ, ‘ಇವತ್ತ ನಂದೇನರ ಅದ ಏನು?’

ಫೋನಿನಲ್ಲಿ ಕೇಳುವುದಾದರೆ ಇಡೀ ಪದಬಂಧದ ಫೋಟೋ ಕಳಿಸಬೇಡಿ. ಆ ಒಂದು ಸುಳಿವನ್ನು ಮಾತ್ರ ಬರೆದು, ಖಾಲಿ ಚೌಕಕ್ಕೆ ಗೆರೆ ಹಾಕಿ ಕಳಿಸಿ.

ಪುಸ್ತಕ ಮತ್ತು ಮೊಬೈಲ್

ಜನರಿಂದ ಆಗದಿದ್ದಾಗ ಪುಸ್ತಕ. ಮೊದಲ ಅಕ್ಷರ ಗೊತ್ತಿದ್ದರೆ ಅಕಾರಾದಿ ನಿಘಂಟು ಸಾಕು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿದೆ, ಮನೆಗೆ ಅದರ ಸಂಕ್ಷಿಪ್ತ ರೂಪ ಸಾಕಾಗುತ್ತದೆ. 1894ರಲ್ಲಿ ಬಂದ ಕಿಟೆಲ್ ನಿಘಂಟು ಹಳೆಯ ಪದಗಳಿಗೆ ಇಂದಿಗೂ ಒದಗುತ್ತದೆ. ಮೊದಲ ಅಕ್ಷರವೇ ಗೊತ್ತಿಲ್ಲದಾಗ ಇವು ಕೈಕೊಡುತ್ತವೆ. ಆಗ ನೆರವಾಗುವುದು ಕನ್ನಡ ಅರ್ಥವಿರುವ ಅಮರಕೋಶ. ಅಲ್ಲಿ ಪದಗಳು ವಿಷಯದ ಪ್ರಕಾರ ಗುಂಪಾಗಿವೆ: ನೀರಿನವು ವಾರಿವರ್ಗದಲ್ಲಿ, ಗಿಡಮರಗಳು ವನೌಷಧಿವರ್ಗದಲ್ಲಿ, ಪ್ರಾಣಿಗಳು ಸಿಂಹಾದಿವರ್ಗದಲ್ಲಿ. ಒಂದು ಹೂವಿನ ಅಷ್ಟೂ ಹೆಸರು ಒಂದೇ ಕಡೆ ಸಿಗುತ್ತವೆ. ಕೊಳ್ಳಲಾಗದಿದ್ದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಅಲ್ಲಿಯ ಪೇಪರಿನಲ್ಲಿ ಮಾತ್ರ ಪದಬಂಧ ತುಂಬಬೇಡಿ, ಸುಳಿವು ಬರೆದುಕೊಂಡು ಹೋಗಿ.

ಮೊಬೈಲಿನಲ್ಲಿ ಅಲರ್ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಉಚಿತವಾಗಿ ಸಿಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ಹಲವು ನಿಘಂಟುಗಳಿವೆ. ನಾನು ಇವನ್ನು ಬಳಸುವುದು ಉತ್ತರ ಹುಡುಕಲು ಅಲ್ಲ, ನಾನು ಊಹಿಸಿದ ಪದಕ್ಕೆ ಆ ಅರ್ಥ ನಿಜವಾಗಿಯೂ ಇದೆಯೇ ಎಂದು ನೋಡಲು. ಖಾಲಿ ಜಾಗಕ್ಕೆ ಚುಕ್ಕಿ ಹಾಕಿ ಪದ ಹುಡುಕುವ ಇಂಗ್ಲಿಷಿನ ವಿಧಾನ ಕನ್ನಡದಲ್ಲಿ ನೆಟ್ಟಗೆ ನಡೆಯುವುದಿಲ್ಲ. ನಮಗೆ ಒಂದೇ ಅಕ್ಷರವಾದ ‘ಫ್ತ’ ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ಚಿಹ್ನೆ: ಫ, ಅದನ್ನು ಅರ್ಧಾಕ್ಷರ ಮಾಡುವ ಗುರುತು, ತ. ‘ಸು’ ಎರಡು. ಚಾಟ್‌ಬಾಟ್‌ಗಳನ್ನು ಕೇಳಿದರೂ ಇದೇ ತೊಡಕು, ನಾಲ್ಕಕ್ಷರ ಕೇಳಿದರೆ ಐದಕ್ಷರದ ಪದ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಅವುಗಳಿಂದ ಸಮಾನಾರ್ಥಕ ಪದಗಳ ಪಟ್ಟಿ ಕೇಳಿ, ಚೌಕದ ಎಣಿಕೆ ನಿಮ್ಮ ಬೆರಳಿಗೇ ಇರಲಿ. ಪದ ಹೊಸದಾಗಿದ್ದರೆ ನಿಘಂಟಿನಲ್ಲಿ ಕಂಡ ಮೇಲೆ ಬರೆಯಿರಿ.

ಮರುದಿನ

ಉತ್ತರ ಅಚ್ಚಾಗಿ ಬಂದಾಗ ಸರಿ ಬಂದವನ್ನು ನೋಡಿ ಮಡಚಿಡಬೇಡಿ. ತಪ್ಪಿದ್ದರ ಮುಂದೆ ನಿಲ್ಲಿ. ಪದವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಆ ಅರ್ಥ ಹೊಳೆಯಲಿಲ್ಲವೋ, ಒತ್ತಕ್ಷರ ಎಣಿಸುವಲ್ಲಿ ಕೆಟ್ಟಿತೋ ಎಂದು ವಿಚಾರಿಸಿ. ಎರಡನೆಯದೇ ಹೆಚ್ಚು. ತೆರೆ ಎಂದರೆ ಅಲೆಯೂ ಹೌದು, ಪರದೆಯೂ ಹೌದು, ಬಾಗಿಲು ತೆರೆಯುವುದೂ ಹೌದು. ನೆರೆ ಎಂದರೆ ಪಕ್ಕದ ಮನೆ, ಹೊಳೆಯ ಪ್ರವಾಹವೂ ಅದೇ. ಹರಿ ಎಂದರೆ ವಿಷ್ಣು, ಸಿಂಹ, ಕುದುರೆ, ಕೋತಿ. ಅಪರೂಪಕ್ಕೆ ಅಚ್ಚಾದ ಉತ್ತರದಲ್ಲೇ ತಪ್ಪಿರುತ್ತದೆ. ನಿಮ್ಮ ಪದ ಅರ್ಥಕ್ಕೂ ಎಣಿಕೆಗೂ ಎಲ್ಲ ಅಡ್ಡಸಾಲುಗಳಿಗೂ ಹೊಂದಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಇದಕ್ಕೊಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಅ ಆ ಇ ಈ ಕ್ರಮ ಬೇಡ, ಹುಡುಕುವಾಗ ಉಪಯೋಗಕ್ಕೆ ಬರುವುದಿಲ್ಲ. ಎರಡಕ್ಷರದವು, ಮೂರಕ್ಷರದವು, ನಾಲ್ಕರವು, ಐದು ಮತ್ತು ಮೇಲಿನವು ಎಂದು ನಾಲ್ಕು ಭಾಗ ಮಾಡಿ, ಮೂರಕ್ಷರಕ್ಕೆ ಹೆಚ್ಚು ಪುಟ ಬಿಡಿ. ಎಡಕ್ಕೆ ಅರ್ಥ, ಬಲಕ್ಕೆ ಪದ, ಪದದ ಪಕ್ಕದಲ್ಲಿ ಹೇಳಿದವರ ಗುರುತು. ನನ್ನ ಪುಸ್ತಕದಲ್ಲಿ ವಾರಸುದಾರದ ಮುಂದೆ ‘ಚಾಚಾ’ ಎಂದಿದೆ, ಮೃಗಶಿರದ ಮುಂದೆ ‘ಅವ್ವ, ಮಿರಗ’ ಎಂದಿದೆ. ಮೊದಲ ಪುಟಗಳಲ್ಲಿರುವುದು ಅಪ್ಪನ ಅಕ್ಷರ.